ಗಣಿಯ ಕಾಸು, ತತ್ತ್ವದ ಪೀಠ

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ಗಾಡಿ ಹತ್ತಿ ಕೋರಮಂಡಲ್‌ನಲ್ಲಿ ಇಳಿದವರ ಕಣ್ಣಿಗೆ ಮೊದಲು ಬೀಳುವುದು ಸೈನೈಡ್ ದಿಬ್ಬಗಳು. ನೆಲದಡಿಯಿಂದ ಎತ್ತಿದ ಕಲ್ಲನ್ನು ಮಿಲ್ಲಿನಲ್ಲಿ ಅರೆದು, ಚಿನ್ನ ಬಿಡಿಸಿಕೊಂಡು, ಉಳಿದ ಪುಡಿಯನ್ನು ನೂರಿಪ್ಪತ್ತು ವರ್ಷ ಸುರಿದು ಸುರಿದು ಬೆಳೆದ ಗುಡ್ಡಗಳಿವು. ಚಿನ್ನ ಎಲ್ಲಿಗೆ ಹೋಯಿತು ಎಂದು ಕೇಳಿದರೆ ಊರಿನವರು ಲಂಡನ್ ಎನ್ನುತ್ತಾರೆ. ಅದು ನಿಜ. ಆದರೆ ಪೂರ್ತಿ ನಿಜವಲ್ಲ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ನಡೆಸುತ್ತಿದ್ದ ಕೋಲಾರದ ಈ ಚಿನ್ನದ ಗಣಿಗಳ ಉತ್ಪತ್ತಿಯಲ್ಲಿ ನೂರಕ್ಕೆ ಐದು ಪಾಲು ರಾಜಧನವಾಗಿ ಮೈಸೂರು ಸಂಸ್ಥಾನದ ಬೊಕ್ಕಸಕ್ಕೆ ಬೀಳುತ್ತಿತ್ತು. ಭೂಕಂದಾಯ, ಅಬಕಾರಿಗಳ ಜೊತೆಗೆ ಸಂಸ್ಥಾನ ನೆಚ್ಚಿಕೊಂಡಿದ್ದ ಆದಾಯ ಅದು. ಅದೇ ಬೊಕ್ಕಸದ ಹಣದಿಂದ 1916ರ ಜುಲೈನಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ಎರಡು ವರ್ಷ ಕಳೆದು, ಮೂವತ್ತರ ಹರೆಯದ ಒಬ್ಬ ಅಧ್ಯಾಪಕರು ಮದ್ರಾಸ್ ಪ್ರಾಂತದಿಂದ ಬಂದು ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳತೊಡಗಿದರು. ಹೆಸರು ಸರ್ವೇಪಲ್ಲಿ ರಾಧಾಕೃಷ್ಣನ್.

ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಕತ್ತಲಲ್ಲಿ ಬೆವರು ಸುರಿಸುವವನಿಗೂ, ಲೋಕದ ಸಾರ ಜಡವಲ್ಲ ಚೈತನ್ಯ ಎಂದು ಪಾಠ ಹೇಳುವವರಿಗೂ ಏನು ನಂಟು? ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡೇ ಇನ್ನೊಬ್ಬರ ಬದುಕು ನೋಡಬೇಕು. ರಾಧಾಕೃಷ್ಣನ್ ಮೈಸೂರಿಗೆ ಬಂದ ಹೊತ್ತಿಗೆ ಅವರು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ನೀತಿಶಾಸ್ತ್ರದ ಪ್ರಾಧ್ಯಾಪಕರು. ಹುಟ್ಟಿದ್ದು ವೇಲ್ಸಿನ ಹಳ್ಳಿಯಲ್ಲಿ, ಜೋಡು ಹೊಲಿಯುವ ಮನೆಯಲ್ಲಿ. ಅವರೇ ಹೆನ್ರಿ ಜೋನ್ಸ್.

ಲಾಂಗರ್ನಿವ್ ಎಂಬುದು ಉತ್ತರ ವೇಲ್ಸಿನ ಒಂದು ಪುಟ್ಟ ಊರು. 1852ರ ನವೆಂಬರ್ 30ರಂದು ಅಲ್ಲಿನ ಚಮ್ಮಾರ ಎಲಿಯಾಸ್ ಜೋನ್ಸ್ ಅವರ ಮಗನಾಗಿ ಹೆನ್ರಿ ಹುಟ್ಟಿದರು. ಮನೆಮಾತು ವೆಲ್ಷ್; ಇಂಗ್ಲಿಷ್ ಶಾಲೆಯಲ್ಲಿ ಕಲಿತದ್ದು. ಹನ್ನೆರಡು ಹದಿಮೂರರ ಹೊತ್ತಿಗೆ ಶಾಲೆ ಬಿಟ್ಟು ಅಪ್ಪನ ಪಕ್ಕ ಕೂತು ಚರ್ಮ, ದಾರ, ಉಳಿ ಹಿಡಿದ ಹುಡುಗ. ಕಸುಬು ಕಲಿತಾದ ಮೇಲೆ ಓದುವ ಹಟ ಹತ್ತಿತು. ಅಂಗಡಿಯ ಕೆಲಸದ ನಡುವೆ ಸಿಕ್ಕ ವೇಳೆಯಲ್ಲೇ ಪುಸ್ತಕ ಹಿಡಿದು ಪರೀಕ್ಷೆ ಕಟ್ಟಿದರು. ಬ್ಯಾಂಗರ್ ಊರಿನ ನಾರ್ಮಲ್ ಕಾಲೇಜಿನಲ್ಲಿ ಮೇಷ್ಟರ ತರಬೇತಿ ಪಡೆದು 1873ರಲ್ಲಿ ದಕ್ಷಿಣ ವೇಲ್ಸಿನ ಬ್ರಿನಾಮನ್‌ನಲ್ಲಿ ಶಾಲೆಯ ಮುಖ್ಯೋಪಾಧ್ಯಾಯರಾದರು. ಅದು ಕಬ್ಬಿಣದ ಕಾರ್ಖಾನೆಯವರ ಶಾಲೆ. ಸುತ್ತ ಕಲ್ಲಿದ್ದಲು, ಕುಲುಮೆ, ಕೂಲಿಯವರ ಮಕ್ಕಳು. ಕೋರಮಂಡಲ್, ಊರಿಗಾಂಗಳಲ್ಲಿ ಗಣಿಯ ಶಾಲೆ ಕಂಡವರಿಗೆ ಅಲ್ಲಿನ ಬೆಳಗಿನ ಹಾಜರಿ ಹೇಗಿತ್ತೆಂದು ಬಿಡಿಸಿ ಹೇಳಬೇಕಿಲ್ಲ.

1875ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾನಿಲಯ ಸೇರಿದ್ದು ಅವರ ಬದುಕಿನ ತಿರುವು. ಅಲ್ಲಿ ಸಿಕ್ಕ ಗುರು ಎಡ್ವರ್ಡ್ ಕೇರ್ಡ್, ಬ್ರಿಟನ್ನಿನಲ್ಲಿ ಜರ್ಮನ್ ದಾರ್ಶನಿಕ ಹೆಗೆಲ್ ಚಿಂತನೆಯನ್ನು ನೆಲೆಗೊಳಿಸಿದವರಲ್ಲಿ ಮುಖ್ಯರು. ಆಮೇಲಿನದು ಏಣಿಯ ಮೆಟ್ಟಿಲುಗಳು: 1882ರಲ್ಲಿ ಅಬರಿಸ್ಟ್‌ವಿತ್ ಕಾಲೇಜಿನಲ್ಲಿ ಉಪನ್ಯಾಸಕ, 1884ರಲ್ಲಿ ಬ್ಯಾಂಗರ್‌ನ ಹೊಸ ಕಾಲೇಜಿನಲ್ಲಿ ಪ್ರಾಧ್ಯಾಪಕ, 1891ರಲ್ಲಿ ಸೇಂಟ್ ಆಂಡ್ರೂಸ್, 1894ರಲ್ಲಿ ಕೇರ್ಡ್ ಬಿಟ್ಟುಹೋದ ಗ್ಲಾಸ್ಗೋ ಪೀಠಕ್ಕೇ ವಾರಸುದಾರ. 1922ರ ಫೆಬ್ರವರಿಯಲ್ಲಿ ತೀರಿಕೊಳ್ಳುವವರೆಗೂ ಆ ಪೀಠ ಅವರದೇ ಆಗಿತ್ತು. 1912ರಲ್ಲಿ ಸರ್ ಪದವಿಯೂ ಬಂತು.

ಒಬ್ಬ ಚಮ್ಮಾರನ ಮಗ ಪ್ರಾಧ್ಯಾಪಕನಾದ ಎಂಬುದು ಹೇಳಲು ಸೊಗಸಾದ ಕಥೆ. ಆದರೆ ಅವನು ಹತ್ತಿದ ಏಣಿ ಯಾವ ಮರದ್ದು ಎಂಬುದು ಅದಕ್ಕಿಂತ ದೊಡ್ಡ ಕಥೆ. ವೇಲ್ಸಿಗೆ ಆಗ ತನ್ನದೆನ್ನುವ ವಿಶ್ವವಿದ್ಯಾನಿಲಯ ಇರಲಿಲ್ಲ. 1872ರಲ್ಲಿ ಅಬರಿಸ್ಟ್‌ವಿತ್ ಕಾಲೇಜು ತೆರೆದದ್ದು ಸಮುದ್ರದ ದಡದಲ್ಲಿ ದಿವಾಳಿಯಾಗಿದ್ದ ಒಂದು ಹೋಟೆಲ್ ಕಟ್ಟಡದಲ್ಲಿ. ಸರ್ಕಾರದ ಅನುದಾನವಿಲ್ಲ. 1875ರ ಅಕ್ಟೋಬರಿನ ಒಂದು ಭಾನುವಾರವನ್ನು ವಿಶ್ವವಿದ್ಯಾನಿಲಯದ ಭಾನುವಾರ ಎಂದು ಕರೆದು ದೇಶದ ಉದ್ದಗಲಕ್ಕೂ ಪ್ರಾರ್ಥನಾಮಂದಿರಗಳಲ್ಲಿ ಚಂದಾ ಎತ್ತಿದರು. ಸುಮಾರು 70 ಸಾವಿರ ಜನ ಕೈಲಾದಷ್ಟು ಹಾಕಿದರು. ಅವರಲ್ಲಿ ಹೆಚ್ಚಿನವರು ಕೂಲಿಕಾರರು, ರೈತರು, ಗಣಿಯವರು. ಬ್ಯಾಂಗರ್ ಕಾಲೇಜಿಗೂ ಹಾಗೆಯೇ. ಪೆನ್ರಿನ್ ಮತ್ತು ಡಿನಾರ್ವಿಕ್‌ನ ಸ್ಲೇಟು ಕಲ್ಲುಗಣಿಗಳ ಕೆಲಸಗಾರರು ವಾರದ ಕೂಲಿಯಲ್ಲಿ ಪೆನ್ನಿ ಪೆನ್ನಿ ಮುರಿದು ಕೊಟ್ಟರು. ಆ ಕಾಲೇಜು ಶುರುವಾದದ್ದೂ ಒಂದು ಹಳೆಯ ಛತ್ರದಂಥ ಕಟ್ಟಡದಲ್ಲೇ. ಜೋನ್ಸ್ ಅದರ ಮೊದಲ ಪ್ರಾಧ್ಯಾಪಕರಲ್ಲಿ ಒಬ್ಬರು. ತಮ್ಮ ಸಂಬಳದಲ್ಲಿ ಕಲ್ಲು ಸೀಳುವವನ ಪೆನ್ನಿ ಇದೆ ಎಂಬುದು ಅವರಿಗೆ ತಿಳಿದಿತ್ತು, ಕೊಟ್ಟವನಿಗೂ ತಿಳಿದಿತ್ತು. ಮೇಷ್ಟರ ಕೆಲಸದ ಜೊತೆಗೆ ಅವರು ವೇಲ್ಸಿನ ಪ್ರೌಢಶಾಲೆಗಳಿಗಾಗಿ ಊರೂರು ತಿರುಗಿ ಭಾಷಣ ಮಾಡಿದರು. 1889ರಲ್ಲಿ ವೇಲ್ಸಿನ ಪ್ರೌಢಶಿಕ್ಷಣಕ್ಕೆ ಕಾನೂನು ಬಂತು, 1893ರಲ್ಲಿ ವೇಲ್ಸ್ ವಿಶ್ವವಿದ್ಯಾನಿಲಯ ಬಂತು.

ಈಗ ಅವರ ತತ್ತ್ವಕ್ಕೆ ಬರಬೇಕು. ಇಂಗ್ಲಿಷಿನವರು ಐಡಿಯಲಿಸಂ ಎನ್ನುವ ಒಂದೇ ಮಾತಿಗೆ ಕನ್ನಡದಲ್ಲಿ ಎರಡು ಮಾತು ಬಳಕೆಯಲ್ಲಿವೆ. ಒಂದು ಆದರ್ಶವಾದ, ಇದನ್ನು ಕೇಳಿದ ಕೂಡಲೇ ಗಾಂಧಿ ಟೋಪಿ, ಖಾದಿ ಜುಬ್ಬ ನೆನಪಾಗುತ್ತವೆ. ಇನ್ನೊಂದು ಭಾವವಾದ; ಇದು ತತ್ತ್ವಶಾಸ್ತ್ರದ ತರಗತಿಯದು, ಲೋಕದ ಮೂಲ ಜಡವಸ್ತುವಲ್ಲ, ಚಿತ್ತ ಅಥವಾ ಚೈತನ್ಯ ಎನ್ನುವ ಮತ. ಎರಡನ್ನೂ ಬೆರೆಸಬಾರದೆಂದು ಮೇಷ್ಟರು ಎಚ್ಚರಿಸುತ್ತಾರೆ. ಹೆನ್ರಿ ಜೋನ್ಸ್ ಅವರ ವಿಶೇಷವಿರುವುದೇ ಇಲ್ಲಿ. ಅವರಲ್ಲಿ ಎರಡೂ ಕೂಡಿಕೊಂಡಿದ್ದವು, ಅದೂ ತಿಳಿದೇ.

ಭಾವವಾದವೆಂದರೆ ಲೋಕವೆಲ್ಲ ನನ್ನ ತಲೆಯೊಳಗಿನ ಕನಸು ಎಂದಲ್ಲ. ಹಾಗೆ ತಿಳಿದವರನ್ನು ಜೋನ್ಸ್ ಬಲವಾಗಿ ತಿದ್ದಿದರು. ಕೋರಮಂಡಲ್ ಸೀಮೆಯ ಮಣ್ಣನ್ನೇ ತೆಗೆದುಕೊಳ್ಳಬಹುದು. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಗಡಿ ಅಳೆಯಲು ಇತ್ತ ಬಂದಾಗ ಹಳ್ಳಿಯವರು ಮಣ್ಣು ತೊಳೆದು ಚಿನ್ನದ ಕಣ ತೆಗೆದು ತೋರಿಸಿದರು. ಅಲ್ಲಿ ಆಡು ಮೇಯಿಸುವವನಿಗೆ ಅದು ಬರೀ ಬೆಣಚುಕಲ್ಲಿನ ನೆಲ. ಜಾಲಾಡುವವನಿಗೆ ಮಳೆಗಾಲದ ನಾಲ್ಕು ಕಾಸು. 1870ರ ದಶಕದಲ್ಲಿ ಗುತ್ತಿಗೆ ಹಿಡಿದ ಮೈಕೇಲ್ ಲೆವೆಲ್‌ಗೆ ಅದು ಭೂಮಿಯೊಳಗೆ ಇಳಿದುಹೋದ ರೀಫು, ಅಂದರೆ ಚಿನ್ನದ ಅದಿರಿನ ಪಟ್ಟಿ. ಪರೀಕ್ಷಕನಿಗೆ ಟನ್ನಿಗೆ ಇಷ್ಟು ಚಿನ್ನವೆಂಬ ಲೆಕ್ಕ. ನೆಲ ಒಂದೇ, ಆದರೆ ಅದು ಏನು ಎಂಬುದು ಒಂದೊಂದು ಸಂಬಂಧ ಸೇರಿದ ಹಾಗೆ ತುಂಬಿಕೊಳ್ಳುತ್ತ ಹೋಯಿತು. ಬಿಡಿಯಾಗಿ ನಿಂತ ವಸ್ತುವನ್ನು ಯಾರೂ ಅರಿಯಲಾರರು. ಒಂದನ್ನು ಅರಿಯುವುದೆಂದರೆ ಅದನ್ನು ಇಡಿಯೊಳಗೆ ಇಟ್ಟು ನೋಡುವುದು. ಹೀಗೆ ಅರಿವಿಗೆ ಸಿಗುವಂತಿರುವುದೇ ಲೋಕದ ಸ್ವಭಾವ, ಆದ್ದರಿಂದ ಅರಿವಿಗೂ ಲೋಕಕ್ಕೂ ನಡುವೆ ಗೋಡೆಯಿಲ್ಲ. ಹೆಗೆಲ್ ಬಳಗದ ಚಿಂತನೆಯನ್ನು ಸರಳವಾಗಿ ಹೇಳುವುದಾದರೆ ಇಷ್ಟು. ಜರ್ಮನಿಯ ಲೋಟ್ಸೆ ಎಂಬ ದಾರ್ಶನಿಕ ವಿಚಾರವನ್ನೂ ವಾಸ್ತವವನ್ನೂ ಬೇರೆ ಮಾಡಿದ್ದು ತಪ್ಪೆಂದು ವಾದಿಸಿ ಜೋನ್ಸ್ 1895ರಲ್ಲಿ ಒಂದು ಪುಸ್ತಕವನ್ನೇ ಬರೆದರು.

ಆ ಬಳಗದೊಳಗೂ ಜಗಳವಿತ್ತು. ಆಕ್ಸ್‌ಫರ್ಡಿನ ಎಫ್. ಎಚ್. ಬ್ರ್ಯಾಡ್ಲಿ 1893ರ ತಮ್ಮ ದೊಡ್ಡ ಗ್ರಂಥದಲ್ಲಿ ಕಾಲ, ದೇಶ, ಕಾರಣ, ನಾನು ಎಂಬುದೆಲ್ಲ ತೋರಿಕೆ, ಪರಮಸತ್ಯ ಒಂದೇ ಎಂದಿದ್ದರು. ಶಂಕರರನ್ನು ಓದಿದ ಕಿವಿಗೆ ಇದು ಪರಿಚಿತ ಸ್ವರ. ಜೋನ್ಸ್‌ಗೆ ಇದು ಒಗ್ಗಲಿಲ್ಲ. ಪರಮದಲ್ಲಿ ವ್ಯಕ್ತಿ ಕರಗಿಹೋದರೆ ಅವನ ದುಡಿಮೆ, ಅವನ ಹೊಣೆ, ಅವನ ನೋವು ಏನಾಗಬೇಕು? ಚೈತನ್ಯ ಬಾಳಿನೊಳಗೆ, ಮನೆಯೊಳಗೆ, ಊರಿನ ಸಂಸ್ಥೆಗಳೊಳಗೆ ಕೆಲಸ ಮಾಡುತ್ತದೆ ಎಂಬುದು ಅವರ ನಂಬಿಕೆ. 1908ರಲ್ಲಿ ಆಸ್ಟ್ರೇಲಿಯದ ಸಿಡ್ನಿಗೆ ಹೋಗಿ ಕೊಟ್ಟ ಉಪನ್ಯಾಸಗಳು ಮರುವರ್ಷ ಪುಸ್ತಕವಾದವು. ಭಾವವಾದವನ್ನು ಬದುಕಿನಲ್ಲಿ ನಡೆಸಬೇಕಾದ ನಂಬಿಕೆಯೆಂದು ಆ ಪುಸ್ತಕದ ಹೆಸರೇ ಸಾರುತ್ತದೆ. 1919ರ ಇನ್ನೊಂದು ಪುಸ್ತಕ ಪೌರತ್ವದ ತತ್ತ್ವಗಳ ಕುರಿತದ್ದು.

ಇಂಥ ನಂಬಿಕೆ ಎಡವಿದ ಜಾಗವನ್ನೂ ಹೇಳಲೇಬೇಕು. 1911ರಲ್ಲಿ ಜೋನ್ಸ್ ಒಂದು ಲೇಖನ ಬರೆದು, ಕಾರ್ಮಿಕ ಪಕ್ಷ ದುಡಿಯುವವನಿಗೆ ವರ್ಗದ ಹಿತ ನೋಡಿ ಮತ ಹಾಕು ಎಂದು ಹೇಳಿ ಅವನ ಪೌರತ್ವವನ್ನೇ ಕೆಡಿಸುತ್ತಿದೆ ಎಂದು ಆರೋಪಿಸಿದರು. ಆ ಪಕ್ಷದ ರ್‍ಯಾಮ್ಸೆ ಮ್ಯಾಕ್‌ಡೊನಾಲ್ಡ್ ಉತ್ತರ ಕೊಟ್ಟರು. ಚಮ್ಮಾರನ ಮಗನಿಂದ ಈ ಮಾತು ಬಂದದ್ದು ಇಂದಿಗೂ ನೋಯಿಸುತ್ತದೆ. ರಾಜ್ಯ ಎಲ್ಲರ ಒಳಿತಿನ ಮನೆ ಎನ್ನುವವರು, ಆ ಮನೆಯಲ್ಲಿ ಒಬ್ಬ ಪಡಸಾಲೆಯಲ್ಲೂ ಒಬ್ಬ ಹಟ್ಟಿಯಲ್ಲೂ ಮಲಗುವುದನ್ನು ಮೊದಲು ಕಾಣಬೇಕು. 1930ರ ಏಪ್ರಿಲ್‌ನಲ್ಲಿ ಕೋಲಾರ ಚಿನ್ನದ ಗಣಿಯ ಕಾರ್ಮಿಕರು ಕಂಪನಿ ಹೇರಿದ ಬೆರಳಚ್ಚು ನೋಂದಣಿಯ ವಿರುದ್ಧ ಸುಮಾರು ಮೂರು ವಾರ ಕೆಲಸ ನಿಲ್ಲಿಸಿದರು. ಕಳ್ಳರ ಬೆರಳಚ್ಚು ತೆಗೆಯುವ ಹಾಗೆ ತಮ್ಮದನ್ನೂ ತೆಗೆಯುವುದು ಅವಮಾನ ಎಂದು ಅವರಿಗೆ ಅನಿಸಿದ್ದರಲ್ಲಿ ವರ್ಗದ ಹಿತವೂ ಇತ್ತು, ಮನುಷ್ಯನ ಮಾನವೂ ಇತ್ತು. ಎರಡನ್ನೂ ಬೇರೆ ಮಾಡಿ ತೂಗುವ ತಕ್ಕಡಿ ಯಾವ ಪ್ರಾಧ್ಯಾಪಕರ ಬಳಿಯೂ ಇರಲಿಲ್ಲ.

ಮೊದಲ ಮಹಾಯುದ್ಧ ಬಂದಾಗ ಜೋನ್ಸ್ ವೇಲ್ಸಿನಲ್ಲಿ ತಿರುಗಿ ಸೈನ್ಯ ಸೇರಲು ಕರೆ ಕೊಟ್ಟರು. ಯುದ್ಧ ಅವರ ಮನೆಯನ್ನೂ ಬಿಡಲಿಲ್ಲ. ಮಗ ಎಲಿಯಾಸ್ ಹೆನ್ರಿ ಜೋನ್ಸ್ ಬರ್ಮಾದಲ್ಲಿ ಐಸಿಎಸ್ ಅಧಿಕಾರಿ. ಮೆಸಪೊಟೇಮಿಯದ ಕೂಟ್‌ನಲ್ಲಿ 1916ರಲ್ಲಿ ಭಾರತೀಯ ಸೇನೆಯ ಪೂನಾ ಡಿವಿಜನ್ ಶರಣಾದಾಗ ಸೆರೆ ಸಿಕ್ಕವರಲ್ಲಿ ಒಬ್ಬ. ಟರ್ಕಿಯ ಯೋಜ್ಗಾದ್ ಸೆರೆಮನೆಯಲ್ಲಿ ಅವನು ಪ್ರೇತಗಳ ಜೊತೆ ಮಾತಾಡುವ ಹಲಗೆಯಾಟ ಹೂಡಿ, ಸೆರೆಮನೆಯ ಅಧಿಕಾರಿಯನ್ನೇ ನಂಬಿಸಿ, ಸಂಗಾತಿ ಹಿಲ್ ಜೊತೆ ಹುಚ್ಚನ ವೇಷ ಕಟ್ಟಿ ಬಿಡುಗಡೆ ಪಡೆದ. ಅದನ್ನು ಅವನು ಬರೆದ ಪುಸ್ತಕ ಅಪ್ಪನ ಎಲ್ಲ ಗ್ರಂಥಗಳಿಗಿಂತ ಹೆಚ್ಚು ಜನರ ಕೈಗೆ ಹೋಯಿತು.

ಯುದ್ಧ ಮುಗಿಯುವ ಹೊತ್ತಿಗೆ ಬ್ರಿಟನ್ನಿನಲ್ಲಿ ಭಾವವಾದದ ಗಾಳಿ ಇಳಿದಿತ್ತು. 1903ರಲ್ಲೇ ಕೇಂಬ್ರಿಜಿನ ಜಿ. ಇ. ಮೂರ್ ಅದನ್ನು ಖಂಡಿಸಿ ಬರೆದಿದ್ದರು. ಬರ್ಟ್ರಂಡ್ ರಸೆಲ್ ಜೊತೆಗೂಡಿದರು. 1918ರಲ್ಲಿ ಎಲ್. ಟಿ. ಹಾಬ್‌ಹೌಸ್ ಲಂಡನ್ ಮೇಲೆ ಬೀಳುತ್ತಿದ್ದ ಬಾಂಬಿಗೂ, ರಾಜ್ಯವನ್ನು ದೇವರ ಎತ್ತರಕ್ಕೇರಿಸಿದ ಹೆಗೆಲ್ ಬೋಧನೆಗೂ ನಂಟಿದೆ ಎಂದು ದೂರಿದರು.

ಅದೇ 1918ರಲ್ಲಿ ಮೈಸೂರಿನಲ್ಲಿ ಆ ಗಾಳಿ ಬೀಸಲು ಶುರುವಾಯಿತು. ಹಳೆಯ ಸರಕು ತಡವಾಗಿ ವಸಾಹತಿಗೆ ಬಂತು ಎಂದು ಇದನ್ನು ವಿವರಿಸುವವರಿದ್ದಾರೆ. ಅದು ಅರ್ಧ ಓದು. ಭಾವವಾದಕ್ಕೆ ಇಲ್ಲಿ ಮಾತಾಡಲು ಜೊತೆಗಾರರು ಸಿಕ್ಕಿದರು: ಉಪನಿಷತ್ತು, ಶಂಕರ, ರಾಮಾನುಜ. ಬ್ರ್ಯಾಡ್ಲಿ ಮತ್ತು ಜೋನ್ಸ್ ನಡುವಿನ ಜಗಳ, ಶಂಕರ, ರಾಮಾನುಜರ ಹೆಸರಿನಲ್ಲಿ ಇಂಥದೇ ವಾದ ಕೇಳಿದ್ದ ಮೈಸೂರು, ಮೇಲುಕೋಟೆಗಳಿಗೆ ಹೊಸದೇನಾಗಿರಲಿಲ್ಲ.

ರಾಧಾಕೃಷ್ಣನ್ ಮೈಸೂರಿನಲ್ಲಿ ಇದ್ದದ್ದು ಮೂರೇ ವರ್ಷ. ಆ ಅವಧಿಯ ಫಲವಾಗಿ 1920ರಲ್ಲಿ ಲಂಡನ್ನಿನ ಮ್ಯಾಕ್‌ಮಿಲನ್ನಿನಿಂದ ಒಂದು ಗ್ರಂಥ ಬಂತು. ಬರ್ಗ್‌ಸನ್, ವಿಲಿಯಂ ಜೇಮ್ಸ್, ಜೇಮ್ಸ್ ವಾರ್ಡ್ ಮೊದಲಾದವರು ಬಹುತ್ವದ ಕಡೆ ವಾಲಿದ್ದು ತರ್ಕದ ಬಲದಿಂದಲ್ಲ, ಅವರ ಧರ್ಮಶ್ರದ್ಧೆ ತತ್ತ್ವದೊಳಗೆ ಕೈಹಾಕಿದ್ದರಿಂದ ಎಂಬುದು ಅದರ ವಾದ. ಪಶ್ಚಿಮದ ದಾರ್ಶನಿಕರಿಗೆ ಮೈಸೂರಿನಲ್ಲಿ ಕೂತು ಹೀಗೆ ಹೇಳಲು ಧೈರ್ಯ ಬೇಕಿತ್ತು. 1921ರಲ್ಲಿ ಕಲ್ಕತ್ತೆಯ ಪೀಠಕ್ಕೆ ಅವರು ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಸಾರೋಟಿಗೆ ತಾವೇ ಹೆಗಲು ಕೊಟ್ಟು ರೈಲು ನಿಲ್ದಾಣದವರೆಗೂ ಎಳೆದ ಕಥೆಯನ್ನು ಮೈಸೂರು ಇಂದಿಗೂ ಹೇಳುತ್ತದೆ. ಗ್ಲಾಸ್ಗೋ ಬಳಗದ ಜೊತೆ ಅವರ ನಂಟು ಬಿಗಿಯಾದದ್ದು ಜೆ. ಎಚ್. ಮ್ಯೂರ್‌ಹೆಡ್ ಮೂಲಕ. ಮ್ಯೂರ್‌ಹೆಡ್ ಕೂಡ ಜೋನ್ಸ್ ಹಾಗೆಯೇ ಕೇರ್ಡ್ ಅವರ ಶಿಷ್ಯ. ಅವರು ಸಂಪಾದಿಸುತ್ತಿದ್ದ ತತ್ತ್ವಶಾಸ್ತ್ರ ಗ್ರಂಥಮಾಲೆಯಲ್ಲೇ ರಾಧಾಕೃಷ್ಣನ್ನರ ಭಾರತೀಯ ದರ್ಶನದ ಎರಡು ಸಂಪುಟಗಳು 1923 ಮತ್ತು 1927ರಲ್ಲಿ ಅಚ್ಚಾದವು.

ರಾಧಾಕೃಷ್ಣನ್ ಹೋದರೂ ಮೈಸೂರು ಬರಿದಾಗಲಿಲ್ಲ. 1920ರ ದಶಕದ ಬಹುಪಾಲು ಕುಲಪತಿಗಳಾಗಿದ್ದವರು ಬ್ರಜೇಂದ್ರನಾಥ ಸೀಲ್. ಕಲ್ಕತ್ತೆಯಲ್ಲಿ ವಿವೇಕಾನಂದರ ಜೊತೆ ಕಾಲೇಜು ಓದಿದವರು, ಹೆಗೆಲ್‌ನನ್ನು ಅರಗಿಸಿಕೊಂಡು ದಾಟಿದವರು, ಪ್ರಾಚೀನ ಭಾರತದ ವಿಜ್ಞಾನಗಳ ಮೇಲೆ 1915ರಲ್ಲಿ ಗ್ರಂಥ ಬರೆದವರು. ಸಂಸ್ಥಾನದ ರಾಜ್ಯಾಂಗ ಸುಧಾರಣೆಗೆ ಸಮಿತಿ ಮಾಡಿದಾಗ ಮಹಾರಾಜರು ಅದರ ಅಧ್ಯಕ್ಷತೆಯನ್ನು ಈ ದಾರ್ಶನಿಕರಿಗೇ ವಹಿಸಿದರು. 1923ರಲ್ಲಿ ಸೀಲ್ ಸಮಿತಿಯ ವರದಿ ಬಂತು. ತತ್ತ್ವಜ್ಞಾನಿ ಪೌರತ್ವದ ಕೆಲಸಕ್ಕೆ ಇಳಿಯಬೇಕೆಂಬ ಜೋನ್ಸ್ ಆಸೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ವೇಲ್ಸಿನಲ್ಲೂ ಸಿಗುವುದು ಕಷ್ಟ.

ಎಂ. ಹಿರಿಯಣ್ಣನವರ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. 1871ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಓರಿಯೆಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲಕರಾಗಿ, ಶಿಕ್ಷಕರಾಗಿ ದುಡಿದು, ನಲವತ್ತು ದಾಟಿದ ಮೇಲೆ ಮಹಾರಾಜ ಕಾಲೇಜಿನಲ್ಲಿ ಸಂಸ್ಕೃತ ಹೇಳಲು ಬಂದವರು. ಅವಸರವಿಲ್ಲ, ಅಬ್ಬರವಿಲ್ಲ. ವರ್ಷಗಟ್ಟಲೆ ತರಗತಿಯಲ್ಲಿ ಹೇಳಿದ ಪಾಠವನ್ನು ಸೋಸಿ ಸೋಸಿ, ನಿವೃತ್ತಿಯಾದ ಐದು ವರ್ಷಕ್ಕೆ, 1932ರಲ್ಲಿ, ಭಾರತೀಯ ತತ್ತ್ವಶಾಸ್ತ್ರದ ರೂಪುರೇಖೆಯನ್ನು ಒಂದೇ ಸಂಪುಟದಲ್ಲಿ ಇಂಗ್ಲಿಷಿನಲ್ಲಿ ಕೊಟ್ಟರು. ಲಂಡನ್ನಿನ ಅಲೆನ್ ಅಂಡ್ ಅನ್ವಿನ್ ಪ್ರಕಟಿಸಿದ ಆ ಪುಸ್ತಕ ತೊಂಬತ್ತು ವರ್ಷ ದಾಟಿದರೂ ವಿದ್ಯಾರ್ಥಿಗಳ ಮೇಜಿನಿಂದ ಇಳಿದಿಲ್ಲ. ಹೇಳಬೇಕಾದ್ದಕ್ಕಿಂತ ಒಂದು ಮಾತೂ ಹೆಚ್ಚಿಗೆ ಆಡದ ಗದ್ಯ ಅದು. ರಾಧಾಕೃಷ್ಣನ್ನರದು ತುಂಬಿದ ಹೊಳೆಯಾದರೆ ಹಿರಿಯಣ್ಣನವರದು ಕಟ್ಟೆ ಕಟ್ಟಿದ ಕೊಳ. ತಳ ಕಾಣುವವರೆಗೂ ತಿಳಿ. ಭಾರತದಲ್ಲಿ ದರ್ಶನವೆಂದರೆ ಬರೀ ಬುದ್ಧಿಯ ಕುತೂಹಲವಲ್ಲ, ಬಾಳಿನ ಕೇಡನ್ನು ಕಂಡು ಅದರಿಂದ ಬಿಡುಗಡೆ ಹುಡುಕುವ ದಾರಿ ಎಂದು ಅವರು ತೋರಿಸಿದರು. ಅರಿತದ್ದನ್ನು ಬಾಳಬೇಕು ಎನ್ನುವಲ್ಲಿ ಲಾಂಗರ್ನಿವ್‌ನ ಚಮ್ಮಾರನ ಮಗನೂ ಮೈಸೂರಿನ ಸಂಸ್ಕೃತ ಪಂಡಿತರೂ ಅಕ್ಕಪಕ್ಕ ನಿಲ್ಲುತ್ತಾರೆ. ಬಾಳುವುದು ಎಲ್ಲಿ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಬೇರೆ: ಜೋನ್ಸ್ ಊರಿನ ಸಂಸ್ಥೆಗಳ ಕಡೆ ಕೈ ತೋರಿದರೆ, ಹಿರಿಯಣ್ಣನವರು ಮೊದಲು ಒಳಗಣ್ಣು ತೆರೆಯಲು ಹೇಳಿದರು.

ತತ್ತ್ವಶಾಸ್ತ್ರ ವಿಭಾಗದ ಮುಖ್ಯಸ್ಥ ಎ. ಆರ್. ವಾಡಿಯಾ ಇವರೆಲ್ಲರಿಗಿಂತ ಜೋನ್ಸ್‌ಗೆ ಹತ್ತಿರದವರು. ಮುಂಬಯಿಯ ಪಾರಸಿ, ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ನಲ್ಲಿ ಓದಿ ಬಂದವರು. 1923ರಲ್ಲೇ ಸ್ತ್ರೀವಾದದ ನೀತಿಯನ್ನು ಕುರಿತು ಪುಸ್ತಕ ಬರೆದವರು. 1936ರಲ್ಲಿ ರಾಧಾಕೃಷ್ಣನ್ ಮತ್ತು ಮ್ಯೂರ್‌ಹೆಡ್ ಸೇರಿ ಸಮಕಾಲೀನ ಭಾರತೀಯ ದಾರ್ಶನಿಕರ ಲೇಖನ ಸಂಪುಟ ತಂದಾಗ ಅದರಲ್ಲಿ ಮೈಸೂರಿನ ಈ ಇಬ್ಬರೂ ಇದ್ದರು. ಹಿರಿಯಣ್ಣನವರು ಸತ್ಯದ ಸಮಸ್ಯೆಯನ್ನು ಎತ್ತಿಕೊಂಡರು. ವಾಡಿಯಾ ತಮ್ಮ ನಿಲುವಿಗೆ ವ್ಯಾವಹಾರಿಕ ಭಾವವಾದ ಎಂಬರ್ಥದ ಹೆಸರಿಟ್ಟರು. ಜೋನ್ಸ್ ಸಿಡ್ನಿಯಲ್ಲಿ ಆಡಿದ ಮಾತಿನ ಮರುದನಿ ಇದು.

ಈ ವಿಭಾಗದ ಬೆಂಚಿನ ಮೇಲೆ ಕೂತವರಲ್ಲಿ ಕುಪ್ಪಳಿಯ ಪುಟ್ಟಪ್ಪ ಒಬ್ಬರು. ಕುವೆಂಪು ಬಿ.ಎ.ಯಲ್ಲಿ ಓದಿದ್ದು ತತ್ತ್ವಶಾಸ್ತ್ರ, ಕನ್ನಡ ಎಂ.ಎ. ಆಮೇಲಿನದು. ಇಡಿಯಾಗಿ ನೋಡದೆ ಬಿಡಿಯ ಅರ್ಥ ಸಿಗದು ಎಂಬ ತರಗತಿಯ ಪಾಠ ಮಲೆನಾಡಿನ ಹುಡುಗನಲ್ಲಿ ಪೂರ್ಣದೃಷ್ಟಿ ಎಂಬ ಕಾವ್ಯದ ಮಾತಾಗಿ ಮರುಹುಟ್ಟು ಪಡೆಯಿತು ಎಂದರೆ ತಪ್ಪಾಗದು. ಮುಂದೆ ಇದೇ ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರ ಓದಿದ ಎಸ್. ಎಲ್. ಭೈರಪ್ಪನವರು ಸತ್ಯ ಮತ್ತು ಸೌಂದರ್ಯದ ನಂಟನ್ನು ಕುರಿತು ಬರೋಡಾದಲ್ಲಿ ಡಾಕ್ಟರೇಟ್ ಪಡೆದರು. ಕನ್ನಡ ಸಾಹಿತ್ಯದ ಎರಡು ಎದುರು ದಿಕ್ಕುಗಳು ಒಂದೇ ವಿಭಾಗದ ಬಾಗಿಲಿನಿಂದ ಹೊರಟವು.

ಜೋನ್ಸ್‌ಗೆ ಸರಿಜೋಡಿಯಾದ ಕನ್ನಡಿಗ ಮಾತ್ರ ಯಾವ ವಿಶ್ವವಿದ್ಯಾನಿಲಯದವರೂ ಅಲ್ಲ. ಅವರು ಕೋಲಾರ ಜಿಲ್ಲೆಯವರೇ: 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪ. ಮೆಟ್ರಿಕ್ಯುಲೇಷನ್ ದಾಟಲಿಲ್ಲ; ಪತ್ರಿಕೋದ್ಯಮ ಹೊಟ್ಟೆ ಹೊರೆಯಿತು. ಒಂದು ಕೈಯಲ್ಲಿ ವೇದಾಂತ, ಇನ್ನೊಂದು ಕೈಯಲ್ಲಿ ರಾಜ್ಯಶಾಸ್ತ್ರ. 1943ರಲ್ಲಿ ಮಂಕುತಿಮ್ಮನ ಕಗ್ಗ ಕೊಟ್ಟ ಕೈಯೇ ಎರಡು ವರ್ಷಕ್ಕೆ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿತು. ಪೌರನನ್ನು ತಯಾರು ಮಾಡುವುದು ತತ್ತ್ವದ ಕೆಲಸವೇ ಎಂದು ನಂಬಿದವರು ಅವರು. ಹಿರಿಯಣ್ಣನವರ ವ್ಯಕ್ತಿಚಿತ್ರವನ್ನು ಜ್ಞಾಪಕ ಚಿತ್ರಶಾಲೆಯಲ್ಲಿ ಬಿಡಿಸಿಟ್ಟದ್ದೂ ಅವರೇ.

ಮತ್ತೆ ಗಣಿಯ ಕಾಸಿಗೆ ಬರೋಣ. ಬ್ಯಾಂಗರ್‌ನ ಕಲ್ಲುಗಣಿಯವನು ತನ್ನ ಕೈಯಾರೆ ಪೆನ್ನಿ ಕೊಟ್ಟ, ಅವನ ಊರಿನ ಹುಡುಗ ಅದೇ ಕಾಲೇಜಿನ ಮೆಟ್ಟಿಲು ಹತ್ತಿದ. ಕೋಲಾರದ ಗಣಿಯವನ ಪಾಲು ಅವನನ್ನು ಕೇಳದೆ ರಾಜಧನವಾಗಿ ಹೋಯಿತು. ಅವನ ಮಗ ಮಹಾರಾಜ ಕಾಲೇಜಿಗೆ ಹೋಗುವುದು ಬಂಗಾರಪೇಟೆಯಲ್ಲಿ ಗಾಡಿ ಬದಲಿಸುವಷ್ಟು ಸುಲಭವಾಗಿರಲಿಲ್ಲ. ಆರ್ಕಾಟು, ಚಿತ್ತೂರು ಸೀಮೆಗಳಿಂದ ಬಂದು ಲೈನ್ ಮನೆಗಳಲ್ಲಿ ನೆಲೆಸಿದವರಲ್ಲಿ ಬಹುಪಾಲು ದಲಿತರು, ತಮಿಳು ಮಾತಿನವರು. ಕಾಲೇಜಿನ ಪಾಠ ಇಂಗ್ಲಿಷಿನಲ್ಲಿ, ಸಂಸ್ಥಾನದ ನೌಕರಿ ಮೇಲಿನ ಕೆಲವು ಜಾತಿಗಳ ಕೈಯಲ್ಲಿ. ಹಿಂದುಳಿದವರಿಗೆ ಪಾಲು ಹೇಗೆಂದು ನೋಡಲು ಮಿಲ್ಲರ್ ಸಮಿತಿ ನೇಮಕವಾದದ್ದೇ 1918ರಲ್ಲಿ. ವೇಲ್ಸಿನಲ್ಲಿ ಬಡತನವಿತ್ತು, ಆದರೆ ಚರ್ಮ ಮುಟ್ಟಿದ ಕೈಯೆಂದು ಹೆನ್ರಿಯನ್ನು ಯಾರೂ ಶಾಲೆಯ ಜಗಲಿಯಿಂದ ಇಳಿಸಲಿಲ್ಲ. ಈ ಒಂದು ವ್ಯತ್ಯಾಸವನ್ನು ಬಿಟ್ಟು ಎರಡು ದೇಶಗಳ ತತ್ತ್ವಶಾಸ್ತ್ರವನ್ನು ಹೋಲಿಸುವುದು ಅಪ್ರಾಮಾಣಿಕವಾಗುತ್ತದೆ.

ಗಣಿಯವರ ಈ ಸಾಲ ತೀರಿಸುವ ಯತ್ನ ಎರಡೂ ಕಡೆ ನಡೆಯಿತು. ಹೆನ್ರಿ ಜೋನ್ಸ್ ಅವರ ಶಿಷ್ಯ ಥಾಮಸ್ ಜೋನ್ಸ್ ದಕ್ಷಿಣ ವೇಲ್ಸಿನ ರಿಮ್ನಿಯವರು. ಹದಿನಾಲ್ಕರಲ್ಲೇ ಕಬ್ಬಿಣದ ಕಂಪನಿಯಲ್ಲಿ ಕಾರಕೂನರು. ಗ್ಲಾಸ್ಗೋದಲ್ಲಿ ಓದಿ, ಮುಂದೆ ಬ್ರಿಟಿಷ್ ಸಚಿವ ಸಂಪುಟದ ಉಪಕಾರ್ಯದರ್ಶಿಯಾದವರು. ಅವರು 1927ರಲ್ಲಿ ಕೋಲೆಗ್ ಹಾರ್ಲೆಕ್ ಎಂಬ ವಸತಿ ಕಾಲೇಜು ತೆರೆದರು. ಶಾಲೆ ಬಿಟ್ಟು ಗಣಿಗಿಳಿದವರು ದೊಡ್ಡವರಾದ ಮೇಲೆ ಮತ್ತೆ ಓದಲು. ಇತ್ತ ಮೈಸೂರು ವಿಶ್ವವಿದ್ಯಾನಿಲಯ 1930ರ ದಶಕದಲ್ಲಿ ಹಳ್ಳಿಗಳಲ್ಲಿ ಕನ್ನಡ ಪ್ರಚಾರೋಪನ್ಯಾಸ ನಡೆಸಿ, ಅವನ್ನು ಅಗ್ಗದ ಬೆಲೆಯ ಕಿರುಹೊತ್ತಗೆಗಳಾಗಿ ಅಚ್ಚು ಹಾಕಿತು. ವಾಡಿಯಾ ಮೈಸೂರು ಬಿಟ್ಟ ಮೇಲೆ ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಗಿರಣಿ, ಕಾರ್ಖಾನೆಗಳಿಗೆ ಕಾರ್ಮಿಕ ಕಲ್ಯಾಣಾಧಿಕಾರಿಗಳನ್ನು ತಯಾರು ಮಾಡಿದ ಸಂಸ್ಥೆ ಅದು.

ಆದರೆ ಗಣಿಯವರು ಯಾರೋ ಬಂದು ತತ್ತ್ವ ಕೊಡಲಿ ಎಂದು ಕಾಯುತ್ತ ಕೂರಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟುವುದಕ್ಕೂ ಒಂಬತ್ತು ವರ್ಷ ಮೊದಲೇ, 1907ರಲ್ಲಿ, ಮದ್ರಾಸಿನ ಪಂಡಿತ ಅಯೋತಿದಾಸರ ಪ್ರೇರಣೆಯಿಂದ ಮಾರಿಕುಪ್ಪಂನಲ್ಲಿ ಬೌದ್ಧ ಸಂಘ ಶುರುವಾಯಿತು. ಜಾತಿ ಇಲ್ಲದ ಬಾಳಿಗೆ ತರ್ಕ ಬೇಕು, ಚರಿತ್ರೆ ಬೇಕು, ಧರ್ಮ ಬೇಕು ಎಂದು ಅಯೋತಿದಾಸರು ಬರೆಯುತ್ತಿದ್ದರು. ಪಾಳಿ ಮುಗಿಸಿ, ಮೈ ತೊಳೆದು ಬಂದ ಕಾರ್ಮಿಕರು ಸಂಘದಲ್ಲಿ ಕೂತು ಆ ಬರಹಗಳನ್ನು ಓದಿಸಿ ಕೇಳಿದರು, ಚರ್ಚಿಸಿದರು. ಅಯೋತಿದಾಸರು ನಡೆಸುತ್ತಿದ್ದ ಪತ್ರಿಕೆಗೆ ಇಲ್ಲಿನವರ ದೇಣಿಗೆ ಆಸರೆಯಾಯಿತು. 1914ರಲ್ಲಿ ಅಯೋತಿದಾಸರು ತೀರಿಕೊಂಡರು. 1926ರಲ್ಲಿ ಅವರ ಪತ್ರಿಕೆ ಜಿ. ಅಪ್ಪಾದುರೈ ಅವರ ಸಂಪಾದಕತ್ವದಲ್ಲಿ ಇದೇ ಚಿನ್ನದ ಗಣಿಯಿಂದ, ಚಾಂಪಿಯನ್ ರೀಫ್‌ನಿಂದ, ಮತ್ತೆ ಹೊರಬಂತು. ಅದಕ್ಕೆ ಮೊದಲು ಇಟ್ಟಿದ್ದ ಹೆಸರು ಒರು ಪೈಸಾ ತಮಿಳನ್. ಬೆಲೆ ಒಂದು ಪೈಸೆ.